ಮಾರಿಯ ಕಾಲದಲ್ಲಿ ಗ್ರಂಥಪಾಲಕ

ಊರಿಗೆ ಸಾಂಕ್ರಾಮಿಕ ಜಾಡ್ಯವು ಬಂದಾಗ ಜನರು ಮೊದಲು ನೆನೆಯುವುದು ವೈದ್ಯನನ್ನು; ಆಮೇಲೆ ದಾದಿಯನ್ನು, ಬೀದಿ ಗುಡಿಸುವವನನ್ನು, ಹೆಣ ಹೊರುವವನನ್ನು. ಗ್ರಂಥಪಾಲಕನನ್ನು ನೆನೆಯುವವರು ಯಾರೂ ಇಲ್ಲ. ವಿದ್ಯಾಲಯದ ಬಾಗಿಲು ಮುಚ್ಚಿತೆಂದರೆ ಅವನ ಕೆಲಸವೂ ಮುಗಿಯಿತೆಂದೇ ಲೋಕದ ಭಾವನೆ. 2020ನೆಯ ಇಸವಿಯಲ್ಲಿ ಕೋವಿಡ್ ರೋಗವು ಜಗತ್ತನ್ನೆಲ್ಲ ಆವರಿಸಿ, ಭಾರತದಲ್ಲಿಯೂ ಮಾರ್ಚಿ 25ರಿಂದ ಯಾರೂ ಮನೆ ಬಿಟ್ಟು ಹೊರಡಕೂಡದೆಂಬ ಕಟ್ಟಳೆಯಾದಾಗ, ವಿಶ್ವವಿದ್ಯಾನಿಲಯಗಳ ಪುಸ್ತಕ ಭಂಡಾರಗಳಿಗೂ ಬೀಗ ಬಿದ್ದಿತು. ಆದರೆ ಆ ದಿನಗಳ ವೃತ್ತಾಂತವನ್ನು ವಿಚಾರಿಸಿ ನೋಡಿದರೆ, ಜನರ ಆರೋಗ್ಯಕ್ಕೂ ಪುಸ್ತಕ ಕಾಯುವವನಿಗೂ ಇರುವ ಸಂಬಂಧವು ಚೆನ್ನಾಗಿ ತೋರಿಬರುವುದು.

ರೋಗವು ಒಂದಾದರೆ ಅದರ ಬೆನ್ನಿಗೆ ಬಂದ ಮಾತುಗಳು ಸಾವಿರ. ನಿಜವೂ ಸುಳ್ಳೂ ಬೆರೆತ ಈ ಪ್ರವಾಹವನ್ನು ವಿಶ್ವ ಆರೋಗ್ಯ ಸಂಸ್ಥೆಯು 2020ರ ಫೆಬ್ರವರಿಯಲ್ಲಿಯೇ ‘ಇನ್ಫೋಡೆಮಿಕ್’ ಎಂದು ಕರೆದು ಎಚ್ಚರಿಸಿತು. ಕನ್ನಡದಲ್ಲಿ ಅದನ್ನು ಸುದ್ದಿಯ ಸೋಂಕು ಎನ್ನಬಹುದು. ಇದು ಬರಿಯ ಅಲಂಕಾರದ ಮಾತಲ್ಲ. ಇರಾನ್ ದೇಶದಲ್ಲಿ ಮದ್ಯಸಾರವು ಈ ರೋಗಕ್ಕೆ ಮದ್ದೆಂಬ ವದಂತಿಯನ್ನು ನಂಬಿ, ವಿಷವಾದ ಮೆಥನಾಲನ್ನು ಕುಡಿದು ನೂರಾರು ಮಂದಿ ಪ್ರಾಣ ನೀಗಿದರು. ಉಳಿದವರಲ್ಲಿ ಹಲವರಿಗೆ ಕಣ್ಣು ಹೋಯಿತು. ರೋಗದ ಭಯದಲ್ಲಿ ಹುಟ್ಟಿದ ಮಾತೇ ಅವರ ಪಾಲಿಗೆ ಮೃತ್ಯುವಾಯಿತು.

ಪಾಮರರ ಮಾತು ಹಾಗಿರಲಿ, ಪಂಡಿತರ ಬರಹವನ್ನಾದರೂ ನಂಬಬಹುದಷ್ಟೆ ಎಂದರೆ ಅಲ್ಲಿಯೂ ತೊಡಕುಂಟು. ‘ದಿ ಲ್ಯಾನ್ಸೆಟ್’ ಎಂಬುದು 1823ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ, ಬಹು ಗೌರವಕ್ಕೆ ಪಾತ್ರವಾದ ವೈದ್ಯಪತ್ರಿಕೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಔಷಧವನ್ನು ಸೇವಿಸಿದ ಕೋವಿಡ್ ರೋಗಿಗಳಲ್ಲಿ ಸಾವು ಹೆಚ್ಚೆಂದು ಹೇಳುವ ಲೇಖನವೊಂದು 2020ರ ಮೇ 22ರಂದು ಅದರಲ್ಲಿ ಪ್ರಕಟವಾಯಿತು. ಅದನ್ನು ಕಂಡು ವಿಶ್ವ ಆರೋಗ್ಯ ಸಂಸ್ಥೆಯು ಮೇ 25ರಂದು, ತಾನು ನಡೆಸುತ್ತಿದ್ದ ಆ ಔಷಧದ ಪರೀಕ್ಷೆಯನ್ನು ತಡೆಹಿಡಿದಿರುವುದಾಗಿ ಸಾರಿತು. ಆದರೆ ಲೇಖನಕ್ಕೆ ಆಧಾರವಾದ ಅಂಕಿಗಳನ್ನು ಸ್ವತಂತ್ರ ಪರೀಕ್ಷಕರಿಗೆ ಒಪ್ಪಿಸಲು ಅವುಗಳ ಒಡೆಯರು ಒಡಂಬಡದಿರಲು, ಜೂನ್ 4ರಂದು ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ಔಷಧದಿಂದ ಆಸ್ಪತ್ರೆಯ ರೋಗಿಗಳಿಗೆ ಪ್ರಯೋಜನವಿಲ್ಲವೆಂಬುದು ಮುಂದೆ ಬೇರೆ ಪರೀಕ್ಷೆಗಳಿಂದ ಸಿದ್ಧವಾಯಿತೆಂಬುದು ಬೇರೆ ಮಾತು. ಲೇಖನದ ಆಯುಸ್ಸು 13 ದಿನ. ಆದರೂ ಒಮ್ಮೆ ಪ್ರಕಟವಾದದ್ದು ಅಳಿಯುವುದಿಲ್ಲ. ಹಿಂತೆಗೆದ ಬಳಿಕವೂ ಅದನ್ನು ಪ್ರಮಾಣವೆಂದು ಎತ್ತಿ ಹೇಳಿದ ವಿದ್ವಾಂಸರುಂಟು.

ಗ್ರಂಥಪಾಲಕನ ಉಪಯೋಗವು ತಿಳಿಯುವುದು ಇಲ್ಲಿಯೇ. ಮದ್ದು ಒಳ್ಳೆಯದೋ ಕೆಟ್ಟದೋ ಎಂಬ ತೀರ್ಪು ಅವನದಲ್ಲ. ಬರೆದವರಾರು, ಯಾವಾಗ ಬರೆದರು, ಬಲ್ಲವರು ಅದನ್ನು ಪರಿಶೀಲಿಸಿದರೆ, ಅದು ಇಂದಿಗೂ ನಿಂತಿದೆಯೆ, ಅಥವಾ ಹಿಂತೆಗೆಯಲ್ಪಟ್ಟಿದೆಯೆ ಎಂಬ ಪ್ರಶ್ನೆಗಳು ಮಾತ್ರ ಅವನವು. ಈ ಕೆಲಸವು ಹೊಸದಲ್ಲ. ವಾಷಿಂಗ್ಟನ್ನಿನ ಸೇನಾ ವೈದ್ಯಾಧಿಕಾರಿಯ ಪುಸ್ತಕ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಜಾನ್ ಷಾ ಬಿಲಿಂಗ್ಸ್ ಅವರು ವೈದ್ಯಲೇಖನಗಳ ಸೂಚಿಯಾದ ‘ಇಂಡೆಕ್ಸ್ ಮೆಡಿಕಸ್’ ಅನ್ನು 1879ರಲ್ಲಿ ಆರಂಭಿಸಿದರು. ಆ ಭಂಡಾರವೇ ಬೆಳೆದು ಅಮೆರಿಕದ ರಾಷ್ಟ್ರೀಯ ವೈದ್ಯ ಗ್ರಂಥಾಲಯವಾಯಿತು. ಅದರ ‘ಪಬ್‌ಮೆಡ್’ ಸೂಚಿಯಲ್ಲಿ, ಹಿಂತೆಗೆದುಕೊಂಡ ಲೇಖನದ ಪಕ್ಕದಲ್ಲಿಯೇ ಆ ಸಂಗತಿಯನ್ನು ತಿಳಿಸುವ ಗುರುತುಂಟು. 2020ರಲ್ಲಿ ಅನೇಕ ವಿಶ್ವವಿದ್ಯಾನಿಲಯಗಳ ಗ್ರಂಥಪಾಲಕರು ತಮ್ಮ ಮನೆಗಳಲ್ಲಿ ಕುಳಿತೇ ನಂಬತಕ್ಕ ಮೂಲಗಳ ಪಟ್ಟಿಗಳನ್ನು ಅಂತರ್ಜಾಲದಲ್ಲಿ ಒದಗಿಸಿದರು. ಪರಿಶೀಲನೆಗೆ ಮುಂಚೆ ಹೊರಬಿದ್ದ ಲೇಖನಕ್ಕೂ ಪರಿಶೀಲಿತವಾದುದಕ್ಕೂ ಇರುವ ಭೇದವನ್ನು ವಿದ್ಯಾರ್ಥಿಗಳಿಗೆ ಕಲಿಸಿದರು.

ತಮ್ಮ ಮನೆಯ ವಿಷಯದಲ್ಲಿಯೂ ಅವರು ಇದೇ ಶಿಸ್ತನ್ನು ತೋರಿಸಬೇಕಾಯಿತು. ಪುಸ್ತಕಗಳ ಮೇಲೆ ವೈರಸ್ಸು ಎಷ್ಟು ದಿನ ಉಳಿಯುವುದೆಂಬುದನ್ನು ಅಮೆರಿಕದ ಗ್ರಂಥಾಲಯ ಸಂಸ್ಥೆಗಳು ಬ್ಯಾಟೆಲ್ ಎಂಬ ಪ್ರಯೋಗಶಾಲೆಯ ಮೂಲಕ ಪರೀಕ್ಷಿಸಿದವು. 2020ರ ಜೂನಿನಲ್ಲಿ ಬಂದ ಮೊದಲ ಫಲಿತಾಂಶದಂತೆ, ಬಿಡಿಬಿಡಿಯಾಗಿಟ್ಟ ಪುಸ್ತಕಗಳ ಮೇಲೆ 3 ದಿನಗಳ ತರುವಾಯ ಅದು ಕಾಣಲಿಲ್ಲ. ಮುಂದಿನ ಪರೀಕ್ಷೆಯೊಂದರಲ್ಲಿ, ಒಂದರ ಮೇಲೊಂದು ಪೇರಿಸಿಟ್ಟವುಗಳಲ್ಲಿ 6 ದಿನಗಳಾದರೂ ಕಂಡಿತು. ಕಾಲಕ್ರಮದಲ್ಲಿ, ರೋಗವು ಹೆಚ್ಚಾಗಿ ಉಸಿರಿನಿಂದ ಹರಡುವುದೆಂದೂ ವಸ್ತುಗಳನ್ನು ಮುಟ್ಟುವುದರಿಂದ ಬರುವ ಅಪಾಯ ಅಲ್ಪವೆಂದೂ ತಿಳಿದುಬಂದಿತು. ಪ್ರತಿಸಾರಿಯೂ ನಿನ್ನೆಯ ನಿಯಮವನ್ನು ತಿದ್ದಿ ಇಂದಿನದನ್ನು ಬರೆಯಬೇಕಾಯಿತು. ಹೇಳಿದ್ದನ್ನು ತಿದ್ದುವವರ ಮೇಲೆ ಜನರಿಗೆ ನಂಬಿಕೆ ತಪ್ಪುವುದೆಂದು ಕೆಲವರು ಅಂಜುತ್ತಾರೆ. ಆದರೆ ತಾರೀಖನ್ನೂ ಕಾರಣವನ್ನೂ ಕಾಣಿಸಿ ತಿದ್ದಿದ ಮಾತು ನಂಬಿಕೆಯನ್ನು ಬೆಳೆಸುವುದಲ್ಲದೆ ಕೆಡಿಸುವುದಿಲ್ಲ. ವದಂತಿಗಾದರೋ ತಾರೀಖೂ ಇಲ್ಲ, ತಿದ್ದುಪಡಿಯೂ ಇಲ್ಲ.

ಈ ಸೇವೆಗೆ ಒಂದು ಕುಂದು ಉಳಿದಿದೆ. ವಿಶ್ವವಿದ್ಯಾನಿಲಯದ ಭಂಡಾರವು ತನ್ನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತೆರೆದಷ್ಟು ಸುಲಭವಾಗಿ ಹೊರಗಿನ ಒಕ್ಕಲಿಗನಿಗೂ ಕೂಲಿಯವನಿಗೂ ತೆರೆಯದು. ತೆರೆದರೂ ಅಲ್ಲಿರುವ ವೈದ್ಯಶಾಸ್ತ್ರದ ಬಹುಭಾಗವು ಇಂಗ್ಲಿಷಿನಲ್ಲಿದೆ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, 1962ರಲ್ಲಿ ಬೆಂಗಳೂರಿನಲ್ಲಿ ಈ ವಿದ್ಯೆಯ ಶಿಕ್ಷಣ ಕೇಂದ್ರವೊಂದನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲದ ಉಳಿತಾಯಕ್ಕೆ ಸಂಬಂಧಿಸಿದ್ದು. ಸುಭಿಕ್ಷದ ದಿನಗಳಲ್ಲಿ ಅದು ಅನುಕೂಲದ ಮಾತು. ಮನೆಯಲ್ಲಿ ರೋಗಿಯು ಮಲಗಿರುವಾಗ ಪ್ರಾಣದ ಮಾತು. ತಾಲ್ಲೂಕಿನ ಕಾಲೇಜೊಂದರ ಗ್ರಂಥಪಾಲಕನು, ಊರಿನ ವೈದ್ಯರಿಂದ ಒಪ್ಪಿಗೆ ಪಡೆದು, ತಿಳಿದದ್ದೇನು, ಯಾರು ಹೇಳಿದ್ದು, ಎಂದು ಹೇಳಿದ್ದು ಎಂಬಿಷ್ಟನ್ನು ಒಂದು ಹಾಳೆಯಲ್ಲಿ ತಿಳಿಗನ್ನಡದಲ್ಲಿ ಬರೆದು ಕಾಲೇಜಿನ ಹೆಬ್ಬಾಗಿಲಿಗೆ ಅಂಟಿಸಬಹುದು. ಹೊಸ ಸಂಗತಿ ತಿಳಿದ ದಿನ ಹಳೆಯ ಹಾಳೆಯನ್ನು ತೆಗೆದು ಹೊಸದನ್ನು ಅಂಟಿಸಬಹುದು. ಇದಕ್ಕೆ ಹೆಚ್ಚಿನ ಹಣ ಬೇಡ. ಬಾಗಿಲಿಗೆ ಬೀಗವಿದ್ದಾಗಲೂ ನಡೆಯತಕ್ಕ ಕೆಲಸವಿದು.