ಗೌಡ್ರಿಲ್ಲದ ನಾಟಕ

ನಮ್ಮೂರು ಸಿರುಗುಪ್ಪ ಹತ್ರ. ಕಾಲುವೆ ನೀರಿನ ಭತ್ತದ ಸೀಮೆ. ಭತ್ತ ಕೊಯ್ದು ಕೈಯಲ್ಲಿ ನಾಲ್ಕು ದುಡ್ಡು ಓಡಾಡೋ ಹೊತ್ತಿಗೆ ಊರಲ್ಲಿ ಒಂದು ಸಾಮಾಜಿಕ ನಾಟಕ ಆಗಲೇಬೇಕು. ತಿಂಗಳುಗಟ್ಟಲೆ ತಾಲೀಮು, ಪೇಟಿ ಮಾಸ್ತರು, ಬಾಡಿಗೆ ಸೀನರಿ, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಬರೋ ಕಲಾವಿದೆಯರು. ಬಳ್ಳಾರಿ ರಾಘವ, ಜೋಳದರಾಶಿ ದೊಡ್ಡನಗೌಡರು, ಸುಭದ್ರಮ್ಮ ಮನ್ಸೂರು ಅವರ ಜಿಲ್ಲೆ ನೋಡಿ, ನಾಟಕ ಅಂದ್ರೆ ನಮ್ಮಲ್ಲಿ ತಮಾಷೆ ಮಾತಲ್ಲ.

ನಮ್ಮೂರ ನಾಟಕದಲ್ಲಿ ಗೌಡನ ಪಾತ್ರ ಯಾವಾಗಲೂ ನಮ್ಮಪ್ಪಂದು. ಗೌಡರ ಆಳು ನಮ್ಮ ಸೋದರಮಾವ, ಕುರುಗೋಡಿನವನು. ತಾಲೀಮಿಗೆ ಅಂತ ಬಂದು ನಮ್ಮನೇಲೇ ಬೀಡು ಬಿಡುತ್ತಿದ್ದ. ಅಪ್ಪ ಬೈಯೋದು, ಮಾವ ಕೇಳಿಸದವನಂಗೆ ಇರೋದು ಮನೆಯಲ್ಲೂ ನಡೀತಿತ್ತು, ಸ್ಟೇಜ್ ಮೇಲೂ ನಡೀತಿತ್ತು. ಬಣ್ಣ ಒಂದು ಹೆಚ್ಚು, ಅಷ್ಟೇ.

ಒಂದು ಸೀನು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗೌಡ "ತಂಬಿಗಿ ತಾರಲೇ" ಅಂತಾನೆ. ಆಳು ತರ್ತಾನೆ. ಗೌಡ ಬಾಯಿಗೆ ಎತ್ತಿದರೆ ಖಾಲಿ. "ನೀರೆಲ್ಲಿ?" ಅಂದ್ರೆ ಆಳು, "ತಂಬಿಗಿ ಅಂದ್ರಿ, ನೀರು ಅಂದಿಲ್ರಿ." ಅಪ್ಪ ಮಾತಾಡ್ತಿರಲಿಲ್ಲ. ತಂಬಿಗೆ ಬೋರಲು ಹಿಡಿದು, ಒಮ್ಮೆ ಅದರ ಬಾಯಿ ನೋಡಿ, ಒಮ್ಮೆ ಮಾವನ ಮುಖ ನೋಡಿ ಸುಮ್ಮನೆ ಕೂತಿರ್ತಿದ್ದ. ಅಷ್ಟರಲ್ಲಿ ಜನ ಬಿದ್ದು ಬಿದ್ದು ನಗ್ತಿದ್ರು. ಮರುದಿನ ಊರೆಲ್ಲಾ ಮಾವನದ್ದೇ ಸುದ್ದಿ.

ಆಗ ನಮ್ಮ ಓಣಿಯ ಟೀವೀಲಿ ಬರ್ತಿದ್ದದ್ದು ಈಟೀವಿ ಕನ್ನಡದ 'ಪಾಪ ಪಾಂಡು', ಆಮೇಲೆ 'ಸಿಲ್ಲಿ ಲಲ್ಲಿ'. ಚಿದಾನಂದ್, ಶಾಲಿನಿ, ಡಾಕ್ಟರ್ ವಿಠಲ್ ರಾವ್ ಆಗಿದ್ದ ರವಿಶಂಕರ್ ಗೌಡ, ಲಲಿತಾಂಬ ಆಗಿದ್ದ ಮಂಜುಭಾಷಿಣಿ, ಇವರೆಲ್ಲ ನಮಗೆ ನೆಂಟರಿದ್ದಂಗೆ. ಮುಂದೆ ಬಳ್ಳಾರಿಯಲ್ಲಿ ಬಿಇ ಸೇರಿದಾಗ ಹಾಸ್ಟೆಲಲ್ಲಿ ಯಾರದೋ ಹಾರ್ಡ್ ಡಿಸ್ಕ್‌ನಿಂದ 'ಫ್ರೆಂಡ್ಸ್' ಸಿಕ್ಕಿತು. ಹತ್ತೂ ಸೀಸನ್ ನೋಡಿ ಮುಗಿಸಿದೆ. ಅರ್ಧ ಇಂಗ್ಲಿಷ್ ಅರ್ಥ ಆಗ್ತಿರಲಿಲ್ಲ, ಆದ್ರೂ ನಗು ಬರ್ತಿತ್ತು. ಕಾಮಿಡಿ ಬರೆಯೋದು ನನಗೂ ಗೊತ್ತು ಅನ್ನೋ ಭ್ರಮೆ ಹತ್ತಿದ್ದೇ ಅಲ್ಲಿ.

2009ರಲ್ಲಿ ಕುರುಗೋಡಿನ ಹುಡುಗರು ಮಾವನನ್ನು ಹಿಡಿದುಕೊಂಡರು. "ಜಾತ್ರಿಗೆ ನಿಂದೇ ಒಂದು ನಾಟಕ ಮಾಡೋಣ, ಪೂರಾ ಕಾಮಿಡಿ." ನಾನು ಬರೀತೀನಿ ಅಂತ ಮುಂದೆ ಬಂದೆ. ಆಳು ಗೌಡರ ಮನೆ ಬಿಟ್ಟು ಬಳ್ಳಾರಿಗೆ ಹೋಗ್ತಾನೆ, ಅಲ್ಲಿ ಓದಿದ ಅಕ್ಕನ ಮಗನ ಜೊತೆ ರೂಮು ಮಾಡ್ತಾನೆ, ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಯೋ ಕಡೆ ಕೆಲಸಕ್ಕೆ ಸೇರ್ತಾನೆ, ಒಂದು ಲವ್ವೂ ಆಗ್ತದೆ. ಕಥೆಯಲ್ಲಿ ಗೌಡನಿಗೆ ಜಾಗ ಇರಲಿಲ್ಲ. ಜನ ಬರೋದು ಮಾವನಿಗೆ ತಾನೇ, ಗೌಡ ಯಾಕೆ ಅಂದುಕೊಂಡೆ. ಅಪ್ಪನಿಗೆ ಹೇಳಿದಾಗ "ಆತು ಬಿಡಪಾ" ಅಂದು ಗದ್ದೆ ಕಡೆ ಹೋದ.

ಅಕ್ಕನ ಮಗ ಕಾಲೇಜು ಹುಡುಗ. ಆ ಪಾತ್ರಕ್ಕೆ ನಾವು ಹಾಕಿಕೊಂಡದ್ದು ನಾಟಕಕ್ಕೆ ಹತ್ತು ಸಾವಿರ ಪಟ್ಟಿ ಕೊಟ್ಟವನನ್ನು. ವಯಸ್ಸು ಮೂವತ್ತು ದಾಟಿತ್ತು, ತಲೆ ಮುಂದೆ ಬೋಳಾಗಿತ್ತು. ಅವನ ತಾಯಿಯ ಪಾತ್ರಕ್ಕೆ ಬಂದ ಕಲಾವಿದೆ ಅವನಿಗಿಂತ ಚಿಕ್ಕವಳು. ಆಕೆ ಪಾಪ ಚೆನ್ನಾಗೇ ಮಾಡಿದಳು. ಆದರೆ ಮಗ "ಅವ್ವಾ" ಅಂತ ಕಾಲಿಗೆ ಬಿದ್ದಾಗ ಜನ ನಗಬಾರದ ಜಾಗದಲ್ಲಿ ನಕ್ಕರು.

ನಗಬೇಕಾದ ಜಾಗದಲ್ಲಿ ನಗಲಿಲ್ಲ. ಮಾವ ಸ್ಟೇಜಿಗೆ ಬಂದಾಗ ಶಿಳ್ಳೆ ಬಿತ್ತು, ನಿಜ. ಮೊದಲ ಇಪ್ಪತ್ತು ನಿಮಿಷ ಹೆಂಗೋ ಹೋಯಿತು. ಆಮೇಲೆ ಮಾವ ಜೋಕು ಹೇಳ್ತಾನೆ, ಅಕ್ಕನ ಮಗ ಅದಕ್ಕೆ ಇನ್ನೊಂದು ಜೋಕು ಹೇಳ್ತಾನೆ, ಮನೆ ಮಾಲೀಕ ಮತ್ತೊಂದು. ಎಲ್ಲರೂ ನಗಿಸೋರೇ. ತಂಬಿಗೆ ಸೀನನ್ನೂ ಬಿಟ್ಟಿರಲಿಲ್ಲ ನಾನು. ಖಾಲಿ ತಂಬಿಗೆ ಕೈಗೆ ಬಂದ ತಕ್ಷಣ ನಮ್ಮ ಪಟ್ಟಿ ಕೊಟ್ಟ ಕಲಾವಿದ "ಏನ್ ಮಾವ ನೀನು!" ಅಂತ ಹಲ್ಲು ಬಿಟ್ಟ. ಜನ ಒಬ್ಬೊಬ್ಬರೇ ಎದ್ದು ಮಿರ್ಚಿ ಮಂಡಕ್ಕಿ ಅಂಗಡಿ ಕಡೆ ನಡೆದರು. ನಡುರಾತ್ರಿ ಹೊತ್ತಿಗೆ ಮುಂದೆ ಕೂತಿದ್ದವರು ನಮ್ಮ ನೆಂಟರು ಮತ್ತು ನಿದ್ದೆ ಹೋದ ಮಕ್ಕಳು. ಅಪ್ಪ ಮಾತ್ರ ಕೊನೇತನಕ ಕೂತಿದ್ದ, ಟವೆಲ್ ಹೊದ್ದುಕೊಂಡು.

ಮಾವ ಆಮೇಲೆ ಬಣ್ಣ ಹಚ್ಚಲಿಲ್ಲ. ಅವನು ಬರೋದು ನಿಂತ ಮೇಲೆ ನಮ್ಮೂರ ನಾಟಕದಲ್ಲಿ ಅಪ್ಪನೂ ನಿಲ್ಲಿಸಿದ.

ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಒಂದು ರಾತ್ರಿ 'ಜೋಯಿ' ನೋಡಿದೆ. ಫ್ರೆಂಡ್ಸ್ 2004ರ ಮೇ ತಿಂಗಳಲ್ಲಿ ಮುಗಿದ ಮೇಲೆ ಅದೇ ಸೆಪ್ಟೆಂಬರಿನಲ್ಲಿ ಎನ್‌ಬಿಸಿ ಚಾನೆಲ್ ಶುರು ಮಾಡಿದ ಧಾರಾವಾಹಿ. ಆರು ಜನರಲ್ಲಿ ಒಬ್ಬನಾದ ಜೋಯಿಯನ್ನು ಲಾಸ್ ಏಂಜಲಿಸ್‌ಗೆ ಕಳಿಸಿ, ಅಕ್ಕನನ್ನೂ ಅಕ್ಕನ ಮಗನನ್ನೂ ಜೊತೆಗೆ ಕೊಟ್ಟಿದ್ದರು. ನನಗೆ ಮೈ ಬೆವರಿತು. ನನ್ನ ನಾಟಕಾನೇ ಅದು! ಅಕ್ಕನ ಪಾತ್ರದ ಡ್ರಿಯಾ ಡಿ ಮ್ಯಾಟಿಯೋ ಒಳ್ಳೆ ನಟಿ, ಆದರೆ ಅವರ ಮಗನಾಗಿ ಬಂದ ಪೌಲೋ ಕೊಸ್ಟಾಂಜೋ ಅವರಿಗಿಂತ ಆರೇ ವರ್ಷ ಚಿಕ್ಕವರು. 46 ಕಂತು ಮಾಡಿದರು, 2006ರಲ್ಲಿ ನಿಲ್ಲಿಸಿದರು. ಕೊನೆಯ ಎಂಟು ಕಂತು ಅಮೆರಿಕದಲ್ಲಿ ಪ್ರಸಾರವೇ ಆಗಲಿಲ್ಲ.

ಮ್ಯಾಟ್ ಲೆಬ್ಲಾಂಕ್ ಅದೇ ಮನುಷ್ಯ, ಅದೇ ಮುಖ. ಕಡಿಮೆಯಾದದ್ದು ಏನು? ಜೋಯಿ ಪೆದ್ದು ಮಾತಾಡಿದಾಗ ಚಾಂಡ್ಲರ್ ಒಂದು ಕ್ಷಣ ಸುಮ್ಮನೆ ನೋಡ್ತಿದ್ದ. ಆ ನೋಟ ಇಲ್ಲ. ಆರು ಜನರ ನಡುವೆ ಕಂತಿಗೆ ಐದಾರು ನಿಮಿಷ ಬಂದು ಹೋಗೋ ಪೆದ್ದುತನ ಮುದ್ದಾಗಿತ್ತು. ಅದನ್ನೇ ಇಡೀ ಕಂತು ಹೊರಿಸಿದರೆ ಅವನು ಪಾಪದವನು ಅನ್ನಿಸ್ತಾನೆ. ಪಾಪ ಅನ್ನಿಸಿದವನನ್ನು ನೋಡಿ ಎಷ್ಟು ಹೊತ್ತು ನಗ್ತೀರಿ?

ಹಾಗಂತ ಪಾತ್ರವನ್ನು ಹೊರಗೆ ತಂದರೆ ಸೋಲೇ ಗತಿ ಅಂತಲ್ಲ. 'ಚಿಯರ್ಸ್' ಅನ್ನೋ ಧಾರಾವಾಹಿಯ ಒಬ್ಬ ಡಾಕ್ಟರನ್ನು ತೆಗೆದು 1993ರಲ್ಲಿ 'ಫ್ರೇಜರ್' ಮಾಡಿದರು. ಹನ್ನೊಂದು ಸೀಸನ್, 264 ಕಂತು ಓಡಿತು. ಅವನನ್ನೂ ಬಾಸ್ಟನ್ ಬಿಡಿಸಿ ಸಿಯಾಟಲ್‌ಗೆ ಕಳಿಸಿದ್ದರು. ಆದರೆ ಬರೆದವರು ಒಂದು ಜಾಣತನ ಮಾಡಿದರು. ಮಹಾ ನಾಜೂಕಿನ ಆ ಡಾಕ್ಟರ ಮನೆಯಲ್ಲಿ ಸೊಂಟಕ್ಕೆ ಪೆಟ್ಟಾದ ಹಳೇ ಪೊಲೀಸ್ ಅಪ್ಪನನ್ನು ತಂದು ಕೂರಿಸಿದರು, ಅವರ ಹರಕಲು ಕುರ್ಚಿ ಸಮೇತ. ಚಿಯರ್ಸ್‌ನಲ್ಲಿ ಆ ಡಾಕ್ಟರು ನಮ್ಮಪ್ಪ ತೀರಿಕೊಂಡಿದ್ದಾರೆ ಅಂತ ಹೇಳಿದ್ದ. ಆದ್ರೂ ಪರವಾಗಿಲ್ಲ ಅಂತ ತಂದರು. ಜಗಳಕ್ಕೆ ಒಬ್ಬರು ಬೇಕು ಅಂತ ಅವರಿಗೆ ಗೊತ್ತಿತ್ತು.

ಅವರು ಸತ್ತ ಅಪ್ಪನನ್ನು ಎಬ್ಬಿಸಿ ತಂದರು. ನಾನು ಇದ್ದ ಅಪ್ಪನನ್ನು ಎಬ್ಬಿಸಿ ಕಳಿಸಿದ್ದೆ.

ನಮ್ಮವರಿಗೂ ಇದು ಗೊತ್ತಿಲ್ಲದ್ದೇನಲ್ಲ. 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಪಾಪ ಪಾಂಡು ಮತ್ತೆ ಬಂದಾಗ ಚಿದಾನಂದ್ ಒಬ್ಬರನ್ನೇ ಕರೆತರಲಿಲ್ಲ, ಶಾಲಿನಿಯವರನ್ನೂ ಕರೆತಂದರು. ಬೈಯೋ ಶ್ರೀಮತಿ ಇಲ್ಲದೆ ಪಾಂಡು ಯಾಕೆ ಪಾಪ ಆಗ್ತಾನೆ ಹೇಳಿ?

ಹೋದ ವರ್ಷ ಕುರುಗೋಡಿಗೆ ಹೋದಾಗ ಮಾವನಿಗೆ ಇದನ್ನೆಲ್ಲ ಹೇಳಿದೆ. ದೊಡ್ಡಬಸವೇಶ್ವರನ ಗುಡಿ ಕಟ್ಟೆ ಮೇಲೆ ಕೂತಿದ್ವಿ. ಜೋಯಿ, ಫ್ರೇಜರ್ ಎಲ್ಲ ತಾಳ್ಮೆಯಿಂದ ಕೇಳಿದ. ಕೊನೆಗೆ, "ಇಷ್ಟಕ್ಕ ಅಮೇರಿಕಾಕ್ಕ ಯಾಕ ಹೋದ್ಯಪಾ? ಬಯಲಾಟದಾಗ ಸಾರಥಿ ಬರೋರ್ನ ನೀವು ಯಾರು ಅಂತ ಕೇಳ್ತಾನ. ರಾಜನೇ ಬರ್ಲಿಲ್ಲಂದ್ರ ಯಾರ್ನ ಕೇಳ್ಬೇಕು?" ಅಂದ.

"ಅವತ್ತೇ ಯಾಕ ಹೇಳಲಿಲ್ಲ ಮಾವ?"

"ಬಿಇ ಓದೋ ಹುಡುಗ ಬರದೀದಿ. ನಮಗೇನ್ ಗೊತ್ತಾಗ್ತೈತಿ ಅಂದ್ಕೊಂಡೆ." ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪ ಹಂಗ ನನ್ನ ನೋಡ್ತಿದ್ನಲ್ಲ, ಅದಕ್ಕ ಜನ ನಗ್ತಿದ್ರಪಾ. ನಾನೇನ್ ಮಾಡ್ತಿದ್ದೆ? ತಂಬಿಗಿ ಕೊಡ್ತಿದ್ದೆ."

ಊರಿಗೆ ಬಂದು ಅಪ್ಪನಿಗೆ ಕೇಳಿದೆ, ಈ ಸಲ ಹಳೇ ನಾಟಕ ಮಾಡೋಣವಾ ಅಂತ. ಮೊಣಕಾಲು ನೋವು, ನಿಲ್ಲಕ್ಕೆ ಆಗಲ್ಲ ಅಂದ. ಗೌಡ ಕುರ್ಚಿ ಬಿಟ್ಟು ಏಳೋದೇ ಬೇಡ, ಹಂಗೇ ಬರೀತೀನಿ ಅಂದೆ. ಅಪ್ಪ ಮಾತಾಡಲಿಲ್ಲ. ಕೈಯಲ್ಲಿದ್ದ ಚಹಾದ ಲೋಟ ನೋಡಿದ, ನನ್ನ ಮುಖ ನೋಡಿದ, ಸುಮ್ಮನೆ ಕೂತ. ಒಳಗಿಂದ ಅವ್ವ ನಕ್ಕಿದ್ದು ಕೇಳಿಸಿತು.