ಹಿಡಿದು ಬಿಟ್ಟ ಮೀನು

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಮಾರ್ಗದಲ್ಲಿ ನಮ್ಮ ಮಾಚೇನಹಳ್ಳಿಯಿರುವುದು. ಇತ್ತಣ ಪಟ್ಟಣಕ್ಕೆ ತುಂಗೆ, ಅತ್ತಣ ಪಟ್ಟಣಕ್ಕೆ ಭದ್ರೆ. ಎರಡು ಹೊಳೆಗಳ ನಡುವೆ ಬೆಳೆಯುವ ಮಕ್ಕಳು ರಜೆ ಬಂದೊಡನೆ "ಗಾಳ ಹಾಕೋಣ, ನಡೆಯಿರಿ ಅಜ್ಜಯ್ಯ" ಎಂದು ಪೀಡಿಸುವುದು ಸಹಜವಷ್ಟೆ. ಸಂಸಾರಸಮೇತರಾಗಿ ಅನುಭವಿಸಬಹುದಾದ ಈ ವಿನೋದದ ವಿಷಯವಾಗಿ ವಾಚಕರಿಗೆ ಎರಡು ಮಾತು ಹೇಳಬೇಕೆಂದಿರುವೆನು.

ಗಾಳದ ಆಟವು ಪರದೇಶದಿಂದ ಬಂದುದೆಂದು ಅನೇಕರು ಭಾವಿಸಿರುವರು. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವುಂಟು. ಮೀನುಗಳ ಜಾತಿ, ಅವುಗಳಿಗೆ ಒಡ್ಡುವ ಆಹಾರ, ಗಾಳ, ಹಗ್ಗ, ಕೋಲು ಇವೆಲ್ಲವೂ ಅಲ್ಲಿ ವರ್ಣಿತವಾಗಿವೆ.

ಅಂದು ಅರಸರದಾಗಿದ್ದ ಈ ವಿನೋದವು ನಮ್ಮ ಕಾಲದಲ್ಲಿ ಕಾವೇರೀತೀರದ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳ ಬಿಡಾರಗಳಲ್ಲಿ ಸಾಮಾನ್ಯ ಪ್ರವಾಸಿಗಳಿಗೂ ದೊರೆಯಿತು. ಸ್ಥಳದ ನುರಿತ ಆಳುಗಳು ಅತಿಥಿಗಳನ್ನು ಹರಿಗೋಲಿನಲ್ಲಿ ಕುಳ್ಳಿರಿಸಿ ಮಡುವಿಗೆ ಕರೆದೊಯ್ಯುತ್ತಿದ್ದರು. ಗಾಳಕ್ಕೆ ಸಿಕ್ಕಿಸುತ್ತಿದ್ದುದು ನಮ್ಮ ಮನೆಯದೇ ರಾಗಿಯ ಮುದ್ದೆ! ಅದಕ್ಕೆ ಆಸೆಪಟ್ಟು ಬರುತ್ತಿದ್ದುದು ಮಹಸೀರ್ ಎಂಬ ಮಹಾಮತ್ಸ್ಯ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಎಂಬವರಿಗೆ ಸಿಕ್ಕಿದ ಮೀನು 120 ಪೌಂಡು ತೂಗಿತೆಂದರೆ ಇದರ ಗಾತ್ರವನ್ನು ಊಹಿಸಿಕೊಳ್ಳಬಹುದು. ಆದರೆ ಈ ಬಿಡಾರಗಳಲ್ಲಿ ಹಿಡಿದ ಮೀನು ಅಡಿಗೆಮನೆಗೆ ಹೋಗುತ್ತಿರಲಿಲ್ಲ. ಅದನ್ನು ತೂಗಿ, ಲೆಕ್ಕ ಬರೆದು, ಜೀವಸಹಿತ ಹೊಳೆಗೇ ಬಿಡುತ್ತಿದ್ದರು. ಶಾಕಾಹಾರಿಯ ಮಗನೂ ನಿಶ್ಶಂಕೆಯಿಂದ ಸೇರಬಹುದಾಗಿದ್ದ ಬೇಟೆಯದು!

ಹೀಗೆ ಬರೆದ ಲೆಕ್ಕವೇ ಮುಂದೆ ದೊಡ್ಡ ಸತ್ಯವೊಂದನ್ನು ನುಡಿಯಿತು. ಗಾಳಿಬೋರೆಯಲ್ಲಿ 1998ರಿಂದ 2012ರ ಪರ್ಯಂತ ಹಿಡಿದು ಬಿಟ್ಟ ಆರು ಸಾವಿರಕ್ಕೆ ಮೇಲ್ಪಟ್ಟ ಮೀನುಗಳ ದಾಖಲೆಯನ್ನು ವಿಜ್ಞಾನಿಗಳು ಪರಿಶೀಲಿಸಿದರು. ಮೀನುಗಳ ಒಟ್ಟು ಸಂಖ್ಯೆಯೇನೋ ಏರಿತ್ತು. ಆದರೆ ಕಾವೇರಿಯ ಸ್ವಂತದ ಗೂನುಬೆನ್ನಿನ ಮಹಸೀರ್ ಕಾಣದಂತಾಗುತ್ತಿತ್ತು. ಹೊಳೆಯನ್ನು ತುಂಬಿದ್ದುದು, ಮೀನು ಹೆಚ್ಚಲೆಂಬ ಸದುದ್ದೇಶದಿಂದಲೇ ಹೊರಗಿನಿಂದ ತಂದು ಬಿಟ್ಟ ಬೇರೊಂದು ಜಾತಿಯ ಮಹಸೀರ್. 2018ರಲ್ಲಿ ಗೂನುಬೆನ್ನಿನ ಮೀನು ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿತು. ಅಭಯಾರಣ್ಯದೊಳಗಿನ ಆ ಗಾಳದ ವಿನೋದವೂ ವನ್ಯಜೀವಿ ಕಾಯಿದೆಯ ಕಾರಣದಿಂದ ನಿಂತುಹೋಯಿತು. ಲೆಕ್ಕ ಬರೆಯದೆ ಇದ್ದಿದ್ದರೆ ಈ ನಷ್ಟವು ಯಾರ ಗಮನಕ್ಕೂ ಬರುತ್ತಿತ್ತೆ?

ಹಾಗಾದರೆ ನಮ್ಮ ಮಕ್ಕಳಿಗೆ ಉಳಿದುದೇನು? ಅದಕ್ಕಾಗಿ ಕಾವೇರಿಯವರೆಗೆ ಹೋಗಬೇಕಾದುದಿಲ್ಲ. ನಮ್ಮ ತುಂಗೆಯ ಮೇಲ್ದಂಡೆಯಲ್ಲಿ, ತೀರ್ಥಹಳ್ಳಿಗೆ ಸಮೀಪದ ಚಿಬ್ಬಲಗುಡ್ಡೆಯಲ್ಲಿಯೂ ಶೃಂಗೇರಿಯ ಸೋಪಾನಗಳ ಬಳಿಯಲ್ಲಿಯೂ ಮಹಸೀರ್ ಮೊದಲಾದ ಮೀನುಗಳನ್ನು ದೇವರ ಮೀನುಗಳೆಂದು ಜನರು ಕಾಪಾಡಿಕೊಂಡು ಬಂದಿರುವರು. ಅಲ್ಲಿ ಗಾಳವೂ ಇಲ್ಲ, ಬಲೆಯೂ ಇಲ್ಲ. ಒಂದು ಹಿಡಿ ಮಂಡಕ್ಕಿ ಚೆಲ್ಲಿದರೆ ಸಾಕು, ಮೊಣಕೈಯುದ್ದದ ಮೀನುಗಳು ಕಾಲ ಬಳಿಗೇ ಬಂದು ಮುತ್ತುವುವು.

ಹೋಗುವಾಗ ಮಗುವಿನ ಕೈಗೊಂದು ಪುಸ್ತಕವನ್ನೂ ಸೀಸದಕಡ್ಡಿಯನ್ನೂ ಕೊಡಿರಿ. ತೇದಿ, ನೀರಿನ ಮಟ್ಟ, ಕಂಡ ಮೀನುಗಳ ಬಣ್ಣ, ಗಾತ್ರ ಇವನ್ನು ಬರೆಯಲಿ. ಮರುವರ್ಷ ಅದೇ ಮೆಟ್ಟಿಲಿಗೆ ಹೋಗಿ ಹೋಲಿಸಲಿ. ಹೊಳೆಯ ಕುಶಲವನ್ನು ವಿಚಾರಿಸಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.