ಕೆಲಸ ಮೊದಲೋ, ಎಂಬಿಎ ಮೊದಲೋ?

ಪದವಿಯ ಕೊನೆಯ ವರ್ಷಕ್ಕೆ ಬಂದ ಮಕ್ಕಳಿರುವ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಎಂಬಿಎ ಮಾಡುವ ಆಸೆಯೇನೋ ಇದೆ. ಆದರೆ ಅರ್ಜಿಯಲ್ಲಿ ‘ಕೆಲಸದ ಅನುಭವ’ ಎಂಬ ಕಾಲಂ ಕಂಡೊಡನೆ ಕೈ ಅಲ್ಲೇ ನಿಲ್ಲುತ್ತದೆ. ಸೊನ್ನೆ ಎಂದು ಬರೆದವರಿಗೆ ಸೀಟು ಯಾರು ಕೊಡುತ್ತಾರೆ ಎಂಬ ಅಳುಕು.

ಈ ಅಳುಕಿಗೆ ಆಧಾರ ಕಡಿಮೆ. 1961ರಲ್ಲಿ ಕಲ್ಕತ್ತ ಹಾಗೂ ಅಹಮದಾಬಾದಿನಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಐಎಂಗಳ ಎರಡು ವರ್ಷದ ಕೋರ್ಸಿಗೆ ಕ್ಯಾಟ್ ಪರೀಕ್ಷೆ ಬರೆಯಬೇಕು. ಅದಕ್ಕೆ ಪದವಿಯಲ್ಲಿ ಶೇ 50 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಶೇ 45 ಸಾಕು. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ನಮ್ಮ ರಾಜ್ಯದ ಪಿಜಿಸಿಇಟಿಯೂ ಅನುಭವ ಕೇಳುವುದಿಲ್ಲ. ಹಾರ್ವರ್ಡಿನಲ್ಲಿ ಇನ್ನೊಂದು ದಾರಿಯೇ ಇದೆ: ಓದುತ್ತಿರುವಾಗಲೇ ಸೀಟು ಪಡೆದು, ಕನಿಷ್ಠ ಎರಡು ವರ್ಷ ದುಡಿದು, ಆಮೇಲೆ ತರಗತಿಗೆ ಹೋಗುವುದು.

ಹಾಗಾದರೆ ಅನುಭವಕ್ಕೆ ಬೆಲೆಯೇ ಇಲ್ಲವೇ? ಇದೆ. ಬೆಂಗಳೂರಿನ ಐಐಎಂ ಆಯ್ಕೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳ ಜೊತೆಗೆ ಕೆಲಸದ ಅನುಭವಕ್ಕೂ ಒಂದು ಪಾಲು ತೂಕವಿದೆ. ಅದಕ್ಕಿಂತ ದೊಡ್ಡ ಕಾರಣ ಪಾಠದ ಕ್ರಮದಲ್ಲಿದೆ. ಹಾರ್ವರ್ಡಿನ ಸಹಕಾರದಿಂದ ಬೆಳೆದ ಅಹಮದಾಬಾದಿನ ಸಂಸ್ಥೆಯಲ್ಲಿ ಒಂದು ಕಂಪನಿಯ ತೊಡಕನ್ನು ಮುಂದಿಟ್ಟು, ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳುತ್ತಾರೆ. ಟೈಟ್ರೇಶನ್ ವಿಧಾನವನ್ನು ಬಾಯಿಪಾಠ ಮಾಡಿದವನೇ ಬೇರೆ. ಬ್ಯುರೆಟ್ಟಿನಿಂದ ಒಂದು ಹನಿ ಹೆಚ್ಚು ಬಿದ್ದು ದ್ರಾವಣವೆಲ್ಲ ಕಡು ಗುಲಾಬಿಯಾದದ್ದನ್ನು ಕಣ್ಣಾರೆ ಕಂಡವನೇ ಬೇರೆ. ಅಲ್ಲಿನ ಚರ್ಚೆಯಲ್ಲಿ ಎರಡನೆಯವನ ಮಾತಿಗೆ ತೂಕ ಹೆಚ್ಚು.

ಆದರೆ ಹನಿ ಬೀಳುವುದನ್ನು ಕಾಣಲು ಆಫೀಸಿನ ಕುರ್ಚಿಯೇ ಬೇಕೆಂದಿಲ್ಲ. ದಾವಣಗೆರೆ ಸೀಮೆಯ ಒಬ್ಬ ಹುಡುಗಿ ಬಿ.ಎಸ್ಸಿ. ಕೊನೆಯ ವರ್ಷದಲ್ಲೇ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ‘ಅನುಭವವಿಲ್ಲವಲ್ಲ?’ ಎಂದು ಕೇಳಿದಾಗ ತಂದೆಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಮಾತು ತೆಗೆದಳು. ಮೆಕ್ಕೆಜೋಳ ಮಾರಿ ರೈತರ ಕೈಗೆ ದುಡ್ಡು ಬರುವ ತನಕ ಯಾರಿಗೆ ಎಷ್ಟು ಉದ್ರಿ ಕೊಡಬಹುದು, ಅಷ್ಟರವರೆಗೆ ಸಗಟು ವ್ಯಾಪಾರಿಯನ್ನು ಹೇಗೆ ಸಮಾಧಾನ ಮಾಡಬೇಕು – ಪಿಯುಸಿಯಿಂದಲೇ ಆ ಲೆಕ್ಕ ಅವಳ ಕೈಯಲ್ಲಿತ್ತು. ಕೇಳುವವರು ಮುಂದಕ್ಕೆ ಬಾಗಿ ಕೇಳಿದರು.

ಸೀಟು ಸಿಕ್ಕಿತು. ಆದರೆ ಅವಳು ಬಯಸಿದ ಕಾಲೇಜಿನದಲ್ಲ, ಫೀಸು ಮಾತ್ರ ದೊಡ್ಡದು. ಮನೆ ಅಡವಿಡಲು ಅಪ್ಪ ತಯಾರಾದರು. ‘ಬೇಡಪ್ಪ, ಎರಡು ವರ್ಷ ದುಡೀತೀನಿ, ಮತ್ತೆ ಪರೀಕ್ಷೆ ಬರೀತೀನಿ’ ಎಂದಳು. ಅಮ್ಮನಿಗೆ ಬೇರೆ ಚಿಂತೆ: ‘ಸಂಬಳದ ರುಚಿ ಹತ್ತಿದ ಮೇಲೆ ಓದು ಎಲ್ಲಿ ಬಂತೇ? ಅಷ್ಟರಲ್ಲಿ ಗಂಡು ಕಡೆಯವರು ಬಾಗಿಲಿಗೆ ಬಂದಿರ್ತಾರೆ.’ ಕೊನೆಗೆ ಒಪ್ಪಂದವಾಯಿತು. ಎರಡು ವರ್ಷ ಮದುವೆಯ ಮಾತು ಇಲ್ಲ. ಸಂಬಳದ ಅರ್ಧ ಫೀಸಿಗೆಂದು ಬ್ಯಾಂಕಿನಲ್ಲಿ. ಈಗ ಅವಳು ಬೀಜ, ಗೊಬ್ಬರದ ವಿತರಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತ, ಬೆಳಗಿನ ಜಾವ ಎದ್ದು ಓದುತ್ತಿದ್ದಾಳೆ.

ಇದೇ ಎಲ್ಲರ ದಾರಿಯಾಗಬೇಕಿಲ್ಲ. ಒಳ್ಳೆಯ ಸಂಸ್ಥೆಯಲ್ಲಿ ಈಗಲೇ ಸೀಟು ಸಿಕ್ಕರೆ, ಅನುಭವವಿಲ್ಲವೆಂದು ಅದನ್ನು ಬಿಡುವುದು ಜಾಣತನವಲ್ಲ. ಆದರೆ ಯಾವುದೋ ಒಂದು ಕಾಲೇಜಿಗೆ ಸಾಲ ಮಾಡುವ ಮುನ್ನ ತಂದೆ ತಾಯಿ ಎರಡು ಸಂಗತಿ ವಿಚಾರಿಸಲಿ: ಹಿಂದಿನ ವರ್ಷ ಅಲ್ಲಿ ಓದಿದವರಿಗೆ ಎಂಥ ಕೆಲಸ ಸಿಕ್ಕಿತು? ಆ ಸಂಬಳದಲ್ಲಿ ಕಂತು ಕಟ್ಟಿ ಜೀವನ ನಡೆದೀತೇ? ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದ ಮೇಲೆ ಶುರುವಾಗುತ್ತದೆ, ಬಡ್ಡಿ ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ. ಮಕ್ಕಳೂ ಅಂಗಡಿಯಲ್ಲೋ ಹೊಲದಲ್ಲೋ ಕಾಲೇಜಿನ ಸಂಘದಲ್ಲೋ ತಾವು ನಿಭಾಯಿಸಿದ್ದೇನು ಎಂದು ಒಂದು ಹಾಳೆಯಲ್ಲಿ ಬರೆದು ನೋಡಲಿ. ಹಾಳೆ ತುಂಬಿದರೆ ಧೈರ್ಯವಾಗಿ ಅರ್ಜಿ ಹಾಕಬಹುದು. ತುಂಬದಿದ್ದರೆ, ಎರಡು ವರ್ಷದ ದುಡಿಮೆ ನಷ್ಟದ ಬಾಬತ್ತಲ್ಲ.